ಕೈಮರದ ತಂತಿಗೆ ಆರು ಪರದೆ

ಕೊಸ್ವತ್ತೆಯಲ್ಲಿ ಬಟ್ಟೆ ಒಗೆಯುವುದು ಸುಲಭ, ಒಣಗಿಸುವುದೇ ಫಜೀತಿ. ಗುಡ್ಡದ ಊರು, ಬಿಸಿಲು ಬಂದರೆ ಬಂತು. ಬಿಸೋಮಣಿಕೆಯ ಹಿತ್ತಲಲ್ಲಂತೂ ಬರೀ ಹಲಸಿನ ಮರದ ನೆರಳು. ಬೇಲಿಯಾಚೆ ರೈಲು ಹಳಿಯ ದಿಬ್ಬದ ಅಂಚಿನಲ್ಲಿ ಒಂದು ಉದ್ದನೆಯ ತಂತಿ ಹಾದುಹೋಗಿತ್ತು. ಅಲ್ಲಿ ಭರ್ತಿ ಬಿಸಿಲು. ಆಕೆಗೆ ಬಹಳ ದಿನದಿಂದ ಅದರ ಮೇಲೆ ಕಣ್ಣು.

ಅವತ್ತು ಮಗಳು ಉದೇನಿಯನ್ನು ನೋಡಲು ಗಂಡಿನ ಕಡೆಯವರು ರೈಲಿನಲ್ಲಿ ಬರುವವರಿದ್ದರು. ಜೋಯಿಸರು ಕೊಟ್ಟ ಗಳಿಗೆ ಹತ್ತು ಗಂಟೆ ಹನ್ನೆರಡು ನಿಮಿಷ. ಆಗಲೇ ಹೊಸ್ತಿಲು ದಾಟಬೇಕು. ಹಿಂದಿನ ದಿನ ಕವುಂ ಎಂಬ ಸಿಹಿ ಕಜ್ಜಾಯ ಕರಿದ ಹೊಗೆಗೆ ಪರದೆಗಳೆಲ್ಲ ಜಿಡ್ಡಾಗಿದ್ದವು. ಬೆಳಿಗ್ಗೆಯೇ ಒಗೆದು, ಆರನ್ನೂ ಆ ತಂತಿಗೆ ಹರವಿದಳು.

ಹತ್ತಾದರೂ ರೈಲು ಬರಲಿಲ್ಲ. ದೂರದಲ್ಲೆಲ್ಲೋ ನಿಂತು ಕೂಗುತ್ತಿತ್ತು. ಬಿಸೋಮಣಿಕೆ ಸ್ಟೇಷನ್‌ಗೇ ನುಗ್ಗಿದಳು.

"ಏನಯ್ಯ ಲಯನೆಲ್, ರೈಲಿಗೇನು ನಿದ್ದೆ ಬಂತಾ?"

ಲಯನೆಲ್ ಕೈಮರದ, ಅಂದರೆ ರೈಲಿನ ಸಿಗ್ನಲ್ ಕಂಬದ, ಸನ್ನೆಕೋಲು ಎಳೆಯುವವನು. ಬೆವರು ಒರೆಸಿಕೊಂಡ. "ಕೈಮರದ ಕೈ ಅಡ್ಡಕ್ಕಿದ್ರೆ ನಿಲ್ಲು, ಕೆಳಗಿಳಿದ್ರೆ ಬಾ. ಇವತ್ತು ಅರ್ಧಕ್ಕೆ ಜೋತುಬಿದ್ದಿದೆ ಅಕ್ಕಾ. ಅನುಮಾನ ಬಂದು ಡ್ರೈವರ್ ನಿಲ್ಸಿದಾನೆ. ತಂತಿ ಎಲ್ಲಿ ಸಿಕ್ಕಿದೆ ಅಂತ ನೋಡ್ಬೇಕು."

"ನೋಡೋಣ ನಡಿ. ಯಾವ ಮುಟ್ಠಾಳನ ಕೆಲಸವೋ."

ತಂತಿಯ ಜಾಡು ಹಿಡಿದು ನಡೆದರು. ಬಿಸೋಮಣಿಕೆಯ ಹಿತ್ತಲು ಬಂತು. ಲಯನೆಲ್ ನಿಂತ.

"ಅಕ್ಕಾ, ಈ ಪರದೆ ಯಾರದು?"

"ಯಾರದೋ."

"ಕಸೂತಿ ನಿಮ್ಮ ಕೈಯದೇ. ಬಂದವರಿಗೆ 'ಆಯುಬೋವನ್' ಅಂತ ನಮಸ್ಕಾರ ಬೇರೆ ಬರೆದಿದೆ."

"ಇರ್ಲಿ ಬಿಡು. ಅಷ್ಟು ದೊಡ್ಡ ರೈಲನ್ನ ನನ್ನ ಆರು ಪರದೆ ನಿಲ್ಸುತ್ತಾ?"

"ಭಾರ ರೈಲಿಗಲ್ಲ, ತಂತಿಗೆ. ತಂತಿ ಜಗ್ಗಿದ್ರೆ ಕೈ ಇಳಿಯುತ್ತೆ. ಕೈಮರದ ಕಡೆ ನೋಡ್ತಿರಿ."

ಪರದೆಗಳನ್ನು ತೆಗೆದ. ದೂರದ ಕೈ ಟಕ್ಕನೆ ಎದ್ದು ಅಡ್ಡಕ್ಕೆ ನಿಂತಿತು. ಮತ್ತೆ ಹಾಕಿದ, ಜೋತುಬಿತ್ತು. ಬಿಸೋಮಣಿಕೆ ನಂಬದೆ ತಾನೇ ಎರಡು ಸಲ ತೆಗೆದು ಹಾಕಿ ನೋಡಿದಳು.

"ಸಾಕು ಅಕ್ಕಾ, ಅಲ್ಲಿ ಡ್ರೈವರ್‌ಗೆ ತಲೆ ಕೆಡುತ್ತೆ," ಎಂದ ಲಯನೆಲ್. ಆಮೇಲೆ ಮೆಲ್ಲಗೆ ಹೇಳಿದ, "ಇನ್ನೆರಡು ಬಟ್ಟೆ ಹಾಕಿದ್ರೆ ಕೈ ಪೂರ್ತಿ ಇಳೀತಿತ್ತು. ದಾರಿ ಇದೆ ಅಂತ ಡ್ರೈವರ್ ಬಂದೇಬಿಡ್ತಿದ್ದ. ಸ್ಟೇಷನ್‌ನಲ್ಲಿ ಅದೇ ಹಳಿ ಮೇಲೆ ಎಣ್ಣೆ ಗಾಡಿ ನಿಂತಿದೆ."

ಬಿಸೋಮಣಿಕೆ ತನ್ನ ಹಿತ್ತಲ ಕಡೆ ನೋಡಿದಳು. ಹಿಂಡಿಟ್ಟ ಎರಡು ಹಾಸಿಗೆ ಬಟ್ಟೆ ಬಕೆಟ್ಟಿನಲ್ಲೇ ಇದ್ದವು. ಆಕೆಗೆ ನಿಜವಾಗಿ ಭಯವಾಯಿತು. ಪರದೆಗಳನ್ನು ಬಾಚಿಕೊಂಡಳು.

ಎಣ್ಣೆ ಗಾಡಿ ಸರಿದು ರೈಲು ಬಂದಾಗ ಗಳಿಗೆ ಮೀರಿತ್ತು. ಮುಂದಿನ ಗಳಿಗೆ ಒಂದೂ ಐವತ್ತಕ್ಕೆ. ಅಲ್ಲಿಯವರೆಗೆ ಬೀಗರಾಗುವವರು ಸ್ಟೇಷನ್ ಬೆಂಚಿನ ಮೇಲೇ ಕೂತರು. ಬಿಸೋಮಣಿಕೆ ಮಗಳ ಜೊತೆ ಚಹಾ, ಕವುಂ ಅಲ್ಲಿಗೇ ತಂದಳು.

ಗಂಡಿನ ತಾಯಿ ಕವುಂ ಮುರಿಯುತ್ತಾ ಹೇಳಿದರು, "ನಮ್ಮನೆ ಹಿಂದೇನೂ ಇಂಥದ್ದೇ ತಂತಿ ಇದೆ. ಬಟ್ಟೆಯೆಲ್ಲ ಅದರ ಮೇಲೇ. ಒಳ್ಳೇ ಅನುಕೂಲ."

ಉದೇನಿ ಅಮ್ಮನ ಮುಖ ನೋಡಿದಳು. ಸಂಬಂಧ ಇನ್ನೂ ಕುದುರಿಲ್ಲ, ಹೌದೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಬಿಸೋಮಣಿಕೆ ತಲೆ ಅಲ್ಲಾಡಿಸಿದಳು.

"ಬೇಡ ಅಕ್ಕಾ, ಇನ್ನು ಹಾಕ್ಬೇಡಿ. ಇವತ್ತು ನಿಮ್ಮ ರೈಲು ನಿಲ್ಸಿದ್ದು ನನ್ನ ಪರದೆ. ಇನ್ನೆರಡು ಬಟ್ಟೆ ಜಾಸ್ತಿಯಾಗಿದ್ರೆ ನೀವ್ಯಾರೂ ಇಲ್ಲಿ ಕೂತಿರ್ತಿರ್ಲಿಲ್ಲ."

ಗಂಡಿನ ತಾಯಿ ಕವುಂ ಕೆಳಗಿಟ್ಟರು.

"ಮಗಳೂ ಹೀಗೇ ಇದ್ದದ್ದನ್ನ ಇದ್ದಹಾಗೆ ಹೇಳ್ತಾಳಾ?"

"ನನಗಿಂತ ಜಾಸ್ತಿ. ಅದಕ್ಕೇ ಇನ್ನೂ ಮದುವೆ ಆಗಿಲ್ಲ."

ಒಂದೂ ಐವತ್ತಕ್ಕೆ ಎಲ್ಲರೂ ಹೊಸ್ತಿಲು ದಾಟಿದರು. ಕಿಟಕಿಗೆ ಪರದೆ ಇರಲಿಲ್ಲ. ಅವು ಹಲಸಿನ ಕೊಂಬೆಯ ಮೇಲೆ ಇನ್ನೂ ಹಸಿಯಾಗೇ ಇದ್ದವು.

ಹಳಿ ಪಕ್ಕದ ಮನೆಯವರೇ, ಕೈಮರದ ತಂತಿಗೆ ಬಟ್ಟೆ ಹಾಕಬೇಡಿ, ಮೇಕೆ ಕಟ್ಟಬೇಡಿ, ಬಳ್ಳಿ ಹಬ್ಬಿಸಬೇಡಿ. ಯಾರಾದರೂ ಹಾಕಿದ್ದು ಕಂಡರೆ ಕೂಡಲೇ ಸ್ಟೇಷನ್‌ಗೆ ಹೋಗಿ ಹೇಳಿ. ಆ ರೈಲಿನಲ್ಲಿ ಕೂತವರು ನಿಮ್ಮ ಮನೆಗೇ ಬರುತ್ತಿರಬಹುದು.