ಹೆಜ್ಜೆ ನೋಡಿ ಮಾತಾಡುವವನು

ಎದುರಿಗೆ ಬಂದವರ ಮುಖವನ್ನು ಮೊದಲು ನೋಡುವ ರೂಢಿ ಅಬು ಮುತ್ಲಕನಿಗೆ ಇರಲಿಲ್ಲ. ಅವನ ದೃಷ್ಟಿ ಮೊದಲು ಕಾಲಿಗೆ, ಕಾಲಿನಿಂದ ಮರಳಿನಲ್ಲಿ ಮೂಡಿದ ಹೆಜ್ಜೆಗೆ, ಆ ಹೆಜ್ಜೆಯ ಜಾಡು ಹಿಡಿದು ಮನುಷ್ಯ ಎಲ್ಲಿಂದ ಬಂದನೆಂಬ ದಿಕ್ಕಿಗೆ ಹೋಗುತ್ತಿತ್ತು. ಮುಖದ ಸರದಿ ಬರುವಷ್ಟರಲ್ಲಿ ಅವನ ತೀರ್ಮಾನ ಮುಗಿದಿರುತ್ತಿತ್ತು, ಮತ್ತು ಆ ತೀರ್ಮಾನ ಸಾಮಾನ್ಯವಾಗಿ ಎದುರಿನವನಿಗೆ ಅನುಕೂಲವಾಗಿರುತ್ತಿರಲಿಲ್ಲ. ನಡೆಯುವಾಗಲೂ ಅಷ್ಟೆ, ಆಗಾಗ ತಿರುಗಿ ತನ್ನ ಬೆನ್ನ ಹಿಂದೆ ತನ್ನದೊಂದೇ ಹೆಜ್ಜೆಯ ಸಾಲು ಇದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಅವನ ಕುರಿಚರ್ಮದ ಉದ್ದನೆಯ ಕೋಟು ಮೈಮೇಲಿಂದ ಇಳಿದದ್ದನ್ನು ನಾನು ಕಂಡವನಲ್ಲ. ಕೆಂಪು ಬಂಡೆಗಳು ಕಾದು ಕೆಂಡವಾಗುವ ಮಟಮಟ ಮಧ್ಯಾಹ್ನದಲ್ಲೂ ಅದನ್ನು ಬಿಚ್ಚಿಡಲು ಭಯ, ಯಾರಾದರೂ ಹೊತ್ತುಕೊಂಡು ಹೋದರೆ? ಬೆವರು ಕುಡಿದು ಹಲಗೆಯಾದ ಆ ಕೋಟನ್ನು ಕದಿಯುವಷ್ಟು ಗತಿಗೆಟ್ಟವನು ಇಡೀ ವಾದಿ ರಮ್ ಮರುಭೂಮಿಯಲ್ಲಿ ಯಾರಿದ್ದಾನಯ್ಯ ಎಂದು ಒಮ್ಮೆ ಕೇಳಿದ್ದಕ್ಕೆ, ಆ ವಾರವೆಲ್ಲ ನನ್ನನ್ನೇ ಓರೆಗಣ್ಣಿನಿಂದ ನೋಡಿದ.

ನನ್ನದು ಅಕಬಾದ ಬಂದರಿನ ಬಳಿ ಒಂದು ಪ್ರವಾಸದ ಅಂಗಡಿ. ಹಡಗಿನಿಂದ ಇಳಿದವರನ್ನು ಬೆಳಿಗ್ಗೆ ಬಸ್ಸಿಗೆ ಹತ್ತಿಸಿ, ಮರುಭೂಮಿ ತೋರಿಸಿ, ಸಂಜೆ ಮತ್ತೆ ಹಡಗಿಗೆ ಒಪ್ಪಿಸುವುದು ಕಸುಬು. ಬಸ್ಸು ಅಬು ಮುತ್ಲಕನ ಹಳ್ಳಿಯ ಬಾಗಿಲಿನವರೆಗೆ. ಅಲ್ಲಿಂದ ಮುಂದೆ ಮರಳು, ಮರಳಿನ ಮೇಲೆ ಅಬು ಮುತ್ಲಕನ ಜೀಪು. ಒಂದೇ ಹಗಲಿಗೆ ಬಂದು ಹೋಗುವ ಈ ಜನರ ಮೇಲೆ ಅವನಿಗೆ ತೀರದ ಸಂಶಯ. “ಬರೀ ಕಲ್ಲು ನೋಡೋಕೆ ಸಮುದ್ರ ದಾಟಿ ಬರ್ತಾರೇನಯ್ಯ? ಅದೂ ಸಂಜೆಗೆ ವಾಪಸ್ ಹೋಗೋಕೆ?” ಎನ್ನುತ್ತಿದ್ದ. ಹಿಂದೆ ಯುದ್ಧದಲ್ಲಿ ಸೋತ ತುರ್ಕರು ಓಡುವಾಗ ಹೂತಿಟ್ಟ ಚಿನ್ನ ಎಲ್ಲಿದೆಯೆಂಬುದರ ಗುರುತು ಬಂಡೆಯ ಮೇಲಿನ ಪ್ರಾಚೀನ ರೇಖಾಚಿತ್ರಗಳಲ್ಲಿದೆಯೆಂದು, ಅದನ್ನು ಓದಲೆಂದೇ ಇವರು ವೇಷ ಹಾಕಿಕೊಂಡು ಬರುತ್ತಾರೆಂದು ಅವನ ದೃಢ ವಿಶ್ವಾಸ. ಬಂಡೆಯಲ್ಲಿ ಕೆತ್ತಿದ ಒಂಟೆಯ ಮುಂದೆ ಯಾರಾದರೂ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಸಾಕು, ಕೋಟನ್ನು ರೆಕ್ಕೆಯಂತೆ ಅಗಲಿಸಿ ಅಡ್ಡ ನಿಂತುಬಿಡುತ್ತಿದ್ದ. ನನ್ನ ಅಂಗಡಿಯಿಂದ ಹೋದವರ ಫೋಟೋಗಳಲ್ಲೆಲ್ಲ ಒಂಟೆಯ ಬಾಲ ಮಾತ್ರ ಇದೆ, ಉಳಿದದ್ದು ಕೋಟು.

ಅವನ ಸಂಶಯಗಳಲ್ಲಿ ನಿಜಕ್ಕೆ ಸ್ವಲ್ಪ ಹತ್ತಿರವಾಗಿದ್ದದ್ದು ಸಬ್ಬಾಹನ ಮೇಲಿನದು. ಅದೇ ಹಳ್ಳಿಯ ಸಬ್ಬಾಹನಿಗೂ ಜೀಪುಗಳಿದ್ದವು, ಡೇರೆಯಿತ್ತು. ಅಬು ಮುತ್ಲಕನಿಗೆ ಇವತ್ತು ಜ್ವರ, ನನ್ನನ್ನೇ ಕಳಿಸಿದ್ದಾನೆ ಎಂದು ಬಾಗಿಲಲ್ಲೇ ಸುಳ್ಳು ಹೇಳಿ ಅತಿಥಿಗಳನ್ನು ಹತ್ತಿಸಿಕೊಂಡು ಹೋಗುವ ಚಾಲಕರೂ ಅವನಲ್ಲಿದ್ದರು. ಇದಕ್ಕೆ ಮದ್ದಾಗಿ ಅಬು ಮುತ್ಲಕ ಒಂದು ಗುಟ್ಟಿನ ಮಾತು ಜಾರಿಗೆ ತಂದ. ಬೆಳಿಗ್ಗೆ ಫೋನು ಮಾಡಿ, ಉಸಿರಿನಲ್ಲೇ, “ಇವತ್ತು ಕತ್ತೆ” ಎಂದು ಪಿಸುಗುಟ್ಟಿ ಇಟ್ಟುಬಿಡುತ್ತಿದ್ದ. ನಾನು ಬಸ್ಸಿನಲ್ಲಿ ಅತಿಥಿಗಳಿಗೆ ಹೇಳಿಕೊಡಬೇಕು. ಅವರು ಅವನಿಗೆ ಹೇಳಬೇಕು. ಆಮೇಲೆಯೇ ಜೀಪಿನ ಬಾಗಿಲು ತೆರೆಯುವುದು. ಪಾಪ, ಆ ಬಿಳಿ ಟೋಪಿಯ ಮುದುಕಿಯರಿಗೆ ಯಾರು ಯಾರೆಂದು ಹೇಗೆ ತಿಳಿಯಬೇಕು? ಬಸ್ಸಿಳಿದವರೇ ಕಂಡಕಂಡ ಚಾಲಕನಿಗೆಲ್ಲ ನಗುನಗುತ್ತ ‘ಕತ್ತೆ’ ‘ಕತ್ತೆ’ ಎನ್ನುತ್ತಿದ್ದರು.

ಒಂದು ದಿನ ಒಂದು ಇಡೀ ಕುಟುಂಬ ಗುಟ್ಟಿನ ಮಾತಿನ ಸಮೇತ ಸಬ್ಬಾಹನ ಜೀಪು ಹತ್ತಿ ಹೋಯಿತು. ಹಳ್ಳಿಯ ಅರ್ಧ ಜನ ಆ ಮಾತನ್ನು ಕಿವಿಯಾರೆ ಕೇಳಿದ್ದರು, ಆದರೆ ಅಬು ಮುತ್ಲಕನ ತರ್ಕ ಬೇರೆ ದಾರಿ ಹಿಡಿಯಿತು: ಗುಟ್ಟು ಗೊತ್ತಿದ್ದದ್ದು ತನಗೆ, ನನಗೆ, ತನ್ನ ಮಗ ಮುತ್ಲಕನಿಗೆ. ನನ್ನ ಮೇಲೆ ಸಂಶಯಪಟ್ಟು ಸಾಕಾಗಿತ್ತೋ ಏನೋ, ಅಂದು ಗಂಡಸರೆಲ್ಲ ಕೂತ ಸಭೆಯಲ್ಲಿ, ತನ್ನ ಮಗನೇ ತನ್ನನ್ನು ಮಾರಿಕೊಂಡ ಕಳ್ಳ ಎಂದುಬಿಟ್ಟ. ಹುಡುಗ ಅಲ್ಲಿಂದ ಎದ್ದು ಅಕಬಾಕ್ಕೆ ಬಂದವನು ನನ್ನ ಬಸ್ಸಿನ ಚಾಲಕನಾದ.

ಮುಂದಿನದನ್ನು ನೋಡಿ ನಗಬೇಕೋ ಅಳಬೇಕೋ ನನಗೆ ತಿಳಿಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮಗ ಕರೆತಂದ ಅತಿಥಿಗಳನ್ನು ಅಪ್ಪ ಬಾಗಿಲಲ್ಲಿ ನಿಲ್ಲಿಸಿ ಗುಟ್ಟಿನ ಮಾತು ಕೇಳುತ್ತಿದ್ದ. ಮಗ ಸ್ಟಿಯರಿಂಗ್ ಹಿಡಿದು ನೇರಕ್ಕೆ ನೋಡುತ್ತಿದ್ದ. ನಮ್ಮಲ್ಲಿ ಅಪ್ಪನಾದವನನ್ನು ಹಿರಿಮಗನ ಹೆಸರಿನಿಂದಲೇ ಕರೆಯುವುದು, ಅಬು ಮುತ್ಲಕ ಎಂದರೆ ಮುತ್ಲಕನ ಅಪ್ಪ. ಇನ್ನು ಮೇಲೆ ತನ್ನನ್ನು ಸ್ವೈಲಿಮ್ ಎನ್ನಬೇಕು, ಅದು ತನ್ನ ಸ್ವಂತ ಹೆಸರು ಎಂದು ಆ ಅಪ್ಪ ಎಲ್ಲರಿಗೂ ತಾಕೀತು ಮಾಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಕ್ಕೆಷ್ಟು ಸಲ ಜನ ಅವನನ್ನು ಮುತ್ಲಕನ ಅಪ್ಪಾ ಎಂದು ಕೂಗುತ್ತಿದ್ದರೋ, ಅಷ್ಟು ಸಲವೂ ಅವನ ಮುಖ ಹುಳ್ಳಗಾಗುತ್ತಿತ್ತು.

ಹೀಗೆ ವರ್ಷಗಳು ಕಳೆದ ಮೇಲೆ ಮುತ್ಲಕ ಒಂದು ಹುಡುಗಿಯನ್ನು ಮೆಚ್ಚಿದ. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವ ನೌಫ್. ಒಳ್ಳೆಯ ಹುಡುಗಿ, ಆದರೆ ಸಬ್ಬಾಹನ ಮಗಳು. ಹೆಣ್ಣು ಕೇಳಲು ಹಿರಿಯರ ಗುಂಪು ಹೋಗಬೇಕು, ಗುಂಪಿನ ಮುಂದೆ ಅಪ್ಪ ಇರಬೇಕು. ಬದುಕಿರುವ ಅಪ್ಪ ಬಾರದ ವರನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಕೇಳುವ ಧೈರ್ಯ ಹುಡುಗನಿಗಿರಲಿಲ್ಲ. ನಾನೇ ಹೋದೆ.

ಅಬು ಮುತ್ಲಕ ತನ್ನ ಡೇರೆಯಲ್ಲಿ ಕಾಫಿ ಕೊಟ್ಟ. ನಾನು ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟೆ. ಹಾಗಿಟ್ಟರೆ ಕೇಳಿಕೆಯಿದೆ ಎಂದರ್ಥ. ಕೇಳಿಕೆ ಏನೆಂದು ವಿಚಾರಿಸುವ ಮೊದಲೇ ‘ಕುಡಿ, ನಿನ್ನ ಕೆಲಸ ಆಯ್ತು’ ಎನ್ನುವುದು ಮನೆಯವನ ದೊಡ್ಡತನ. ಅವನು ಹಾಗೆನ್ನಲಿಲ್ಲ. ಬಟ್ಟಲನ್ನೂ ನನ್ನ ಕಾಲನ್ನೂ ನೋಡಿ, “ಯಾರು ಕಳಿಸಿದ್ದು?” ಎಂದ. ಹೇಳಿದೆ. ಓಹೋ, ಆವತ್ತಿನ ಅತಿಥಿಗಳನ್ನು ಮಗ ತನ್ನ ಭಾವೀ ಮಾವನಿಗೆ ಉಡುಗೊರೆ ಕೊಟ್ಟಿದ್ದನೇನು ಎಂದು ಗೊಣಗಿದ. ಆಗ ನೌಫ್ ಇನ್ನೂ ಓದುತ್ತಿದ್ದಳು, ಹುಡುಗ ಅವಳನ್ನು ಕಂಡೇ ಇರಲಿಲ್ಲ ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. ನನ್ನ ಕಾಫಿ ಆರಿ ತಣ್ಣಗಾಯಿತು. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ವಾರ ಕಳೆಯುವುದರೊಳಗೆ ಅವನೇ ಅಂಗಡಿಗೆ ಬಂದ. ಹೆಣ್ಣು ಕೇಳಲು ಬರುತ್ತೇನೆ, ಸಬ್ಬಾಹನ ಡೇರೆಯೊಳಗೆ ಏನೇನಿದೆಯೆಂದು ಕಣ್ಣಾರೆ ನೋಡಬೇಕು, ಅದಕ್ಕೇ ಹೊರತು ಬೇರೇನಕ್ಕೂ ಅಲ್ಲ ಎಂದ. ನಾನು ಹ್ಞೂಂ ಎಂದೆ, ಅಷ್ಟೆ.

ಹಳ್ಳಿಯ ಬಾಗಿಲಿನ ಬಳಿಯೇ ಇದ್ದ ಸಬ್ಬಾಹನ ಡೇರೆಯಲ್ಲಿ ಹಿರಿಯರು ಸಾಲಾಗಿ ಕೂತರು. ಅಬು ಮುತ್ಲಕ ಹೊರಗೆ ಬಿಟ್ಟ ಚಪ್ಪಲಿಗಳನ್ನೆಲ್ಲ ಪರೀಕ್ಷಿಸಿ ಒಳಗೆ ಬಂದು, ಕೊಟ್ಟ ಬಟ್ಟಲನ್ನು ಮುಟ್ಟದೆ ಮುಂದಿಟ್ಟ. ಸಬ್ಬಾಹ ಒಂದು ಕ್ಷಣವೂ ತಡಮಾಡಲಿಲ್ಲ.

“ಕುಡಿ ಅಬು ಮುತ್ಲಕ್. ನೀನು ಬಂದ ಕೆಲಸ ಆಯ್ತು.”

ಎಲ್ಲರೂ ನಿಟ್ಟುಸಿರು ಬಿಟ್ಟರು. ಅಬು ಮುತ್ಲಕ ಬಟ್ಟಲಿಗೆ ಕೈ ಹಾಕಲಿಲ್ಲ.

“ಯಾವ ಕೆಲಸ? ನಾನಿನ್ನೂ ಹೇಳೇ ಇಲ್ಲವಲ್ಲ.”

ಕೊಟ್ಟ ಮಾತನ್ನು ಹೀಗೆ ಕೆದಕುವುದು ಮನೆಯವನ ಮುಖಕ್ಕೆ ಹೊಡೆದ ಹಾಗೆ; ಇದಕ್ಕಿಂತ ಸಣ್ಣ ಮಾತಿಗೆ ಸಂಬಂಧಗಳು ಮುರಿದುಬಿದ್ದಿವೆ. ನನ್ನ ಪಕ್ಕದಲ್ಲಿ ಮುತ್ಲಕನ ಮುಖ ಬಿಳಚಿಕೊಂಡಿತು, ಅಯ್ಯೋ ಪುಣ್ಯಾತ್ಮ, ಇದೊಂದು ದಿನವಾದರೂ ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ನಾನು ಒಳಗೊಳಗೇ ಹಲ್ಲು ಕಡಿದೆ. ಸಬ್ಬಾಹ ಅವನನ್ನೇ ದಿಟ್ಟಿಸಿ, “ಹಾಗಾದ್ರೆ ಹೇಳು” ಎಂದ.

“ನನ್ನ ಮಗ ಕಳ್ಳ ಅಲ್ಲ,” ಎಂದ ಅಬು ಮುತ್ಲಕ. ಸಬ್ಬಾಹನಿಗೆ ಮಾತ್ರವಲ್ಲ, ಸಾಲಿನಲ್ಲಿ ಕೂತ ಒಬ್ಬೊಬ್ಬರ ಮುಖವನ್ನೂ ನೋಡಿ ಹೇಳಿದ. “ಕಳ್ಳ ಅಂತ ಇವರೆಲ್ಲರ ಮುಂದೆ ಅಂದಿದ್ದೆ. ಅದು ಸುಳ್ಳು. ಈ ಮಾತು ಹೇಳ್ದೆ ಕುಡಿದಿದ್ರೆ, ಎಂಥವನಿಗೆ ಮಗಳನ್ನ ಕೊಟ್ನೋ ಅಂತ ನಾಳೆ ನೀನು ಅನುಮಾನ ಪಡ್ತಿದ್ದೆ. ಅದು ಎಂಥ ಸಂಕಟ ಅಂತ ನಂಗೊತ್ತು. ಈಗ ಹೇಳು, ನನ್ನ ಕೆಲಸ ಆಯ್ತಾ?”

ಸಬ್ಬಾಹ ಆ ತಣ್ಣಗಾದ ಕಾಫಿಯನ್ನು ಚೆಲ್ಲಿ, ತಾನೇ ಎದ್ದು ಬಿಸಿ ಕಾಫಿ ಸುರಿದುಕೊಟ್ಟ. ಮುತ್ಲಕ ಹೊರಗೆ ಹೋಗಿ ನಮ್ಮನ್ನು ಕರೆತಂದ ಬಸ್ಸಿನ ಮರೆಗೆ ನಿಂತು ಅತ್ತ.

ಶಂಕಾಶೀಲರೊಂದಿಗೆ ಬಾಳುವುದು ಯಾತನೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವರಲ್ಲಿ ಬಹುಪಾಲು ಜನ ಲೋಕವನ್ನೆಲ್ಲ ಶಂಕಿಸಿ, ತಮ್ಮ ಶಂಕೆಯೊಂದನ್ನು ಮಾತ್ರ ದೇವವಾಕ್ಯವೆಂದು ನಂಬಿ, ಮಕ್ಕಳನ್ನು ಕಳೆದುಕೊಂಡು ಕಣ್ಣು ಮುಚ್ಚುತ್ತಾರೆ. ಎಲ್ಲೋ ಅಪರೂಪಕ್ಕೆ ಒಬ್ಬ ಸಿಗುತ್ತಾನೆ, ಊರಿನವರನ್ನೆಲ್ಲ ಶಂಕಿಸಿ ಮುಗಿದ ಮೇಲೆ ಕೊನೆಗೊಂದು ದಿನ ತನ್ನ ಶಂಕೆಯನ್ನೇ ಎದುರಿಗೆ ಕೂರಿಸಿಕೊಂಡು ಅಡ್ಡಪ್ರಶ್ನೆ ಹಾಕುವವನು. ಅಷ್ಟರಲ್ಲಿ ತುಂಬ ತಡವಾಗಿರುತ್ತದೆ, ಮನೆಯವರು ಹಣ್ಣಾಗಿರುತ್ತಾರೆ. ಆದರೂ ಅಂಥವನ ಬಾಯಿಂದ ‘ನಂಬಿದೆ’ ಎಂಬ ಮಾತು ಬಂತೆಂದರೆ, ಅದನ್ನು ಕೇಳಿಸಿಕೊಂಡ ಮಗನಿಗೆ ಬೇರೆ ಯಾರ ಸಾಕ್ಷಿಯೂ ಬೇಕಾಗುವುದಿಲ್ಲ.