ಅಮ್ಮನೊಬ್ಬಳದೇ ಮುಖ

"ಮೊಳೆ ಹೊಡೀಬೇಡಿ," ಎನ್ನುತ್ತ ಮಗಳು ತೋಟದ ಮೇಸ್ತ್ರಿಯ ಕೈಯಿಂದ ಸುತ್ತಿಗೆ ಕಿತ್ತುಕೊಂಡಳು. "ಅಮ್ಮನ ತಲೆ ಹತ್ರ ಆ ಫೋಟೊ ಬೇಡ."

ತಗಡಿನ ಗೋಡೆಗೆ ಒರಗಿಸಿದ್ದ ಫೋಟೊ ಬಾಗಿಲಿನಷ್ಟು ಅಗಲವಿತ್ತು. ತೋಟದ ಕಚೇರಿಯವರು ತಮ್ಮ ಗೋಡೆಯಿಂದಲೇ ಇಳಿಸಿ ಕಳಿಸಿದ್ದರು. ಹರಿದ ಟಾರ್ಪಾಲಿನ ಕೆಳಗೆ ಕೂತ ತಾಯಿ, ಎದೆಗೊರಗಿ ಕಣ್ಣು ಮುಚ್ಚಿದ ಗಂಡುಮಗು. ಮೂವತ್ತು ವರ್ಷದಿಂದ ಪುಸ್ತಕ, ಪ್ರದರ್ಶನ, ಕ್ಯಾಲೆಂಡರು ಅಂತ ದೇಶವೆಲ್ಲ ಸುತ್ತಿದ ಫೋಟೊ. ಅದರೊಳಗಿದ್ದವಳು ಮಾತ್ರ ಟೊಮೆಟೊ ಕೀಳುತ್ತ ತೋಟದಿಂದ ತೋಟಕ್ಕೆ ಅಲೆದಳು. ನಿನ್ನೆ ಬೆಳಿಗ್ಗೆ ಸಾಲಿನ ನಡುವೆ ಕುಸಿದು ಕೂತವಳು ಮತ್ತೆ ಏಳಲಿಲ್ಲ.

"ನಿಮ್ಮಮ್ಮ ಎಷ್ಟು ಫೇಮಸ್ಸು ಗೊತ್ತೇನಮ್ಮಾ? ಪೇಪರಿನವರು ಬರ್ತಿದಾರೆ," ಎಂದ ಮೇಸ್ತ್ರಿ.

"ಅದನ್ನ ಕಂಡ ಕಡೆ ತಲೆ ತಗ್ಗಿಸ್ತಿದ್ಲು. ಇವತ್ತೊಂದಿನ ಅವಳೊಬ್ಬಳದೇ ಮುಖ ಇರ್ಲಿ."

"ಬೇರೆ ಇದ್ರೆ ಕೊಡು, ಹಾಕೋಣ."

ಬೇರೆ ಎಲ್ಲಿಂದ ಬರಬೇಕು? ಗುರುತಿನ ಚೀಟಿಯ ಮುಖ ಬೆವರಿಗೆ ಅಳಿಸಿ ಯಾವ ಕಾಲವಾಯಿತೋ. ಮಗಳ ಮೊಬೈಲಿನಲ್ಲಿದ್ದವೆಲ್ಲ ಅಮ್ಮನ ಅಂಗೈಗಳೇ. ಕ್ಯಾಮೆರಾ ಎತ್ತಿದರೆ ಸಾಕು, ಮುಖಕ್ಕೆ ಅಡ್ಡ ಹಿಡಿಯುತ್ತಿದ್ದಳು. ಮಧ್ಯಾಹ್ನ ಹನ್ನೆರಡಕ್ಕೆ ಹೆಣ ಎತ್ತಬೇಕಿತ್ತು.

*

ಆ ಫೋಟೊ ತೆಗೆದಾಗ ಮಗಳಿಗೆ ಎಂಟು ವರ್ಷ. ತಮ್ಮನಿಗೆ ಮೂರು ದಿನದಿಂದ ಜ್ವರ. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಪುಸ್ತಕ ಹಿಡಿದು ಯಾರೋ ಒಬ್ಬ ಬಂದ. ಹಿಂದಿನ ವರ್ಷ ಹೀಗೇ ಒಬ್ಬ ಬರೆದುಕೊಂಡು ಹೋದ ಮೇಲೆ ಔಷಧಿ ಗಾಡಿ ಬಂದಿತ್ತು. ಇವನೂ ಅಂಥವನೇ ಎಂದು ಶೆಡ್ಡಿನವರೆಲ್ಲ ನಂಬಿದರು.

"ಮಗೂಗೆ ಜ್ವರ ಸಾರ್, ಬರ್ಕೊಳ್ಳಿ," ಎಂದಳು ಅಮ್ಮ. ಮಗುವಿನ ಮುಖ ಚೆನ್ನಾಗಿ ಕಾಣಲೆಂದು ಎತ್ತಿ ಎದೆಗೆ ಆನಿಸಿಕೊಂಡಳು.

ಅವನು ಫೋಟೊ ತೆಗೆದ, ಬರೆದುಕೊಂಡ. ಕೆಟ್ಟವನೇನಲ್ಲ, ಹೋಗುವಾಗ ಬ್ರೆಡ್ಡು ಕೊಟ್ಟ. "ನಿಮ್ಮ ಕಷ್ಟ ಎಲ್ರಿಗೂ ಗೊತ್ತಾಗತ್ತಮ್ಮಾ," ಎಂದ.

ಎಲ್ಲರಿಗೂ ಗೊತ್ತಾಯಿತು, ಅದರಲ್ಲಿ ಸುಳ್ಳಿಲ್ಲ. ಅಮ್ಮ ನಾಲ್ಕು ದಿನ ಮಗುವನ್ನು ಎತ್ತಿಕೊಂಡು ರಸ್ತೆಯ ತಿರುವಿನಲ್ಲಿ ನಿಂತಳು.

"ನಡ್ಕೊಂಡೇ ಆಸ್ಪತ್ರೆಗೆ ಹೋಗೋಣ ಬಾರೇ," ಎಂದ ಅಪ್ಪ.

"ಬರ್ಕೊಂಡು ಹೋಗಿದಾರಲ್ರೀ. ನಾವು ಆ ಕಡೆ ಹೋದಾಗ ಗಾಡಿ ಈ ಕಡೆ ಬಂದ್ಬಿಟ್ರೆ?"

ಐದನೆಯ ದಿನ ಕಾಯುವ ಕೆಲಸ ಉಳಿಯಲಿಲ್ಲ.

*

ದೊಡ್ಡ ಫೋಟೊವನ್ನೇ ಮೊಬೈಲಿನಲ್ಲಿ ತೆಗೆದುಕೊಂಡು ಮಗಳು ಸ್ಟುಡಿಯೊಗೆ ಓಡಿದಳು. "ಅಮ್ಮನ ಮುಖ ಅಷ್ಟೇ ಸಾಕು. ಮಗು ಬೇಡ."

ಸ್ಟುಡಿಯೊದವನು ಟಾರ್ಪಾಲು ತೆಗೆದ, ಮಡಿಲು ತೆಗೆದ, ಮಗುವಿನ ತಲೆ ತೆಗೆದ. ಆಮೇಲೆ ಕೈ ನಿಲ್ಲಿಸಿದ.

"ಗಲ್ಲದ ಮೇಲೆ ಮಗೂದು ಮೂರು ಬೆರಳು ಉಳ್ಕೊಂಡಿದೆ ಅಕ್ಕಾ. ಅಳಿಸ್ಬಿಡ್ಲಾ? ಎರಡೇ ನಿಮಿಷ."

ಹೂಂ ಎನ್ನಲು ಬಾಯಿ ತೆರೆದಳು. ಪರದೆಯ ಮೇಲಿನ ಆ ಬೆರಳುಗಳನ್ನು ನೋಡಿದಳು. ತಮ್ಮನದೂ ಬೇರೆ ಫೋಟೊ ಇರಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮನ ಫೋನು ಬಂತು: "ಎಲ್ಲಿದೀಯೇ? ಎತ್ತೋಕೆ ನಿಂತಿದಾರೆ ಕಣೇ!"

"ಹಾಗೇ ಕೊಡಿ," ಎಂದಳು.

ಗಾಜು ಹಾಕಿಸಿ ತಂದ ಫೋಟೊವನ್ನು ಅಮ್ಮನ ತಲೆಯ ಬಳಿ ಇಟ್ಟರು. ಜನ ಬಂದು ಬಗ್ಗಿ ನೋಡಿ ಸರಿದರು. ಕಣ್ಣು ಮಂಜಾದ ಚಿಕ್ಕಮ್ಮ, ಗಾಜಿಗೆ ಏನೋ ಅಂಟಿದೆ ಎಂದುಕೊಂಡು, ಕರವಸ್ತ್ರಕ್ಕೆ ಎಂಜಲು ಹಚ್ಚಿ ಆ ಮೂರು ಪುಟ್ಟ ಬೆರಳುಗಳನ್ನು ಉಜ್ಜುತ್ತಲೇ ಇದ್ದಳು.