ವಕೀಲರು ಕಂಡ ಕಪ್ಪು

ಕಲಬುರಗಿಯ ವಕೀಲ ಬಂಡೂರಾಯರಿಗೆ ಹಳೆಯ ನಾಣ್ಯಗಳ ಹುಚ್ಚು. ಹುಚ್ಚಿದ್ದರೆ ಇರಲಿ, ನಿಜಾಮರ ರಾಜ್ಯದಲ್ಲಿ ಹುಚ್ಚಿಗೇನೂ ಸುಂಕವಿರಲಿಲ್ಲ. ಜನಕ್ಕೆ ಸಾಕುಸಾಕಾಗಿದ್ದು ಅವರ ಜಂಬ. ನಾಣ್ಯ ಕೊಳ್ಳಲು ರಾಯರು ಎಲ್ಲಿಗೂ ಹೋಗುತ್ತಿರಲಿಲ್ಲ. ಫೋಟೋ ತರಿಸಿಕೊಂಡು, ಪಡಸಾಲೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಭೂತಗನ್ನಡಿ ಹಿಡಿದು ಅಲ್ಲೇ ತೀರ್ಪು ಕೊಡುವರು: ಇದು ಸವೆದದ್ದು, ಇದು ಉಪ್ಪು ತಿಂದದ್ದು, ಇದರ ಅಂಚು ಯಾರೋ ಕತ್ತರಿಸಿದ್ದು. ಅದಾಲತ್ತಿನಲ್ಲಿ ಸಿಗದ ಜಡ್ಜಿಯ ಕುರ್ಚಿಯನ್ನು ಮನೆಯಲ್ಲೇ ಹಾಕಿಕೊಂಡಿದ್ದರು ಅನ್ನಿ. ಇನ್ನೊಬ್ಬರ ನಾಣ್ಯ ನೋಡಿ "ಛಲೋ ಅದ" ಎಂದದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಇಂಥವರಿಗೂ ಒಂದು ಕೊರಗು. ಅವರ ಪೆಟ್ಟಿಗೆಯಲ್ಲಿ ದಿಲ್ಲಿಯದಿತ್ತು, ಬಿಜಾಪುರದ್ದಿತ್ತು. ಬಹಮನಿ ಸುಲ್ತಾನರು ಇದೇ ಊರಿನಲ್ಲಿ ಹೊಡೆಸಿದ, ಅಂಚಿನಲ್ಲಿ ಊರಿನ ಆಗಿನ ಹೆಸರು 'ಅಹಸನಾಬಾದ್' ಎಂದು ಪೂರ್ತಿ ಓದಲು ಬರುವ ಬೆಳ್ಳಿ ಟಂಕ ಮಾತ್ರ ಇರಲಿಲ್ಲ. ಹೈದರಾಬಾದಿನ ಸಂಗ್ರಾಹಕರೊಬ್ಬರು ತುಂಬಿದ ಸಭೆಯಲ್ಲಿ, "ಕಲಬುರಗಿ ವಕೀಲರ ಹತ್ತಿರ ಕಲಬುರಗಿಯೇ ಇಲ್ಲ" ಎಂದು ನಕ್ಕಿದ್ದರು. ಆ ನಗು ರಾಯರಿಗೆ ಊಟಕ್ಕೆ ಕೂತಾಗಲೂ ಕೇಳಿಸುತ್ತಿತ್ತು.

ಅಂಥ ಟಂಕವೊಂದು ಕಮಲಾಪುರದಲ್ಲಿ, ಅವರ ಕಕ್ಷಿಗಾರ ಮಾಪಣ್ಣನ ಮನೆಯ ದೇವರ ಜಗುಲಿಯ ಮೇಲಿತ್ತು. ಬಾಳೆ ತೋಟದ ಮಾಪಣ್ಣ, "ಒಂದ್ಸಲ ಬಂದು ನೋಡ್ರಿ ಸಾಹೇಬ್ರ" ಎಂದ.

"ಎತ್ತಿನ ಬಂಡ್ಯಾಗ ಸೊಂಟ ಮುರ್ಕೊಳ್ಳಾಕ ಬರಬೇಕೇನೋ? ಫೋಟೋ ತಗಸ್ಕೊಂಡು ಬಾ."

ಕಲಬುರಗಿಯ ರೋಜಾ ದರ್ಗಾದ ಹತ್ತಿರ ಫೋಟೋ ತೆಗೆಯುವ ಹುಸೇನ, ಕಮಲಾಪುರದ ಮದುವೆಯೊಂದಕ್ಕೆ ಹೋದಾಗ ಟಂಕದ್ದೂ ಒಂದು ತೆಗೆದ. ಮಾಪಣ್ಣ ಆ ಫೋಟೋದ ಜೊತೆಗೆ ಕೆಂಪು ಬಾಳೆಹಣ್ಣಿನ ಗೊನೆಯನ್ನೂ ಹೊತ್ತು ತಂದ. ರಾಯರು ಹಣ್ಣನ್ನು ಒಳಗೆ ಕಳಿಸಿ ಫೋಟೋ ಹಿಡಿದರು. ನಾಣ್ಯದ ಮೈತುಂಬ ಕಪ್ಪು ಮಚ್ಚೆಗಳು.

"ಉಪ್ಪು ಮಣ್ಣು ತಿಂದದ. ಅಕ್ಷರ ಎಲ್ಲಾ ಹೋಗ್ಯಾವ."

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದರೆ ರಾಯರ ನಾಲಿಗೆಗೆ ಲಗಾಮೆಲ್ಲಿ? "ಇಂಥಾ ಕರೇ ಮಾರಿ ನಾಣ್ಯ ನನ್ನ ಮನ್ಯಾಗ ಇಡಾಂಗಿಲ್ಲ. ನಿಮ್ಮೂರಾಗ ಹುಣಸೆಹಣ್ಣಿಗೆ ಬರಗಾಲೇನು? ಕಪ್ಪು ಹೋಗೂ ಮಟ ತಿಕ್ಕ್ರಿ, ಆಮ್ಯಾಲ ನನ್ನ ಮುಂದ ತರ್ರಿ!"

ಕೂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಮಾಪಣ್ಣ ನಗಲಿಲ್ಲ. "ಹೂನ್ರಿ, ಅವ್ವಗ ಹೇಳ್ತೀನಿ" ಎಂದು ಕೈಮುಗಿದು ಹೋದ. ಹಳೆಯ ನಾಣ್ಯವನ್ನು ತಿಕ್ಕಿದರೆ ಕೆಟ್ಟಿತೆಂದು ರಾಯರಿಗೆ ಗೊತ್ತಿಲ್ಲದ್ದಲ್ಲ. ಕೆಟ್ಟೇ ಹೋದ ನಾಣ್ಯಕ್ಕೆ ಇನ್ನೇನು ಎಂದು ಸುಮ್ಮನಾದರು. ಫೋಟೋ ಅಲ್ಲೇ ಮೇಜಿನ ಖಾನೆಯಲ್ಲಿ ಬಿದ್ದಿತ್ತು.

ದೀಪಾವಳಿ ಹತ್ತಿರ ಬಂತು. ರಾಯರ ಹೆಂಡತಿ ಇಂದೂಬಾಯಿ ಗೋಡೆಯ ಫೋಟೋಗಳನ್ನು ಇಳಿಸಿ ಒರೆಸುತ್ತ, ತಮ್ಮ ಮದುವೆಯ ಫೋಟೋ ಕೈಗೆ ಬಂದಾಗ ಗೊಣಗಿದರು. "ಹಣಿಗೆ ಕುಂಕುಮ ಹಚ್ಚಿದ್ರ ಇದರಾಗ ಕಾಡಿಗಿ ಬೊಟ್ಟು ಇಟ್ಟಂಗ ಕಾಣ್ತದ. ಗಲ್ಲದ ಅರಿಷಿಣನೂ ಮಸಿ ಬಳದಂಗ."

"ಏನಂದಿ?"

"ಇಷ್ಟು ವರ್ಷ ಕಣ್ಣ ಮುಂದೇ ತೂಗಾಕತ್ತದ. ಹೆಂಡತಿ ಮಾರಿ ಯಾಕ ನೋಡ್ತೀರಿ ನೀವು? ಅದೇನು ನಾಣ್ಯಾನ?"

ರಾಯರು ಮೇಜಿನ ಖಾನೆ ಎಳೆದು ಟಂಕದ ಫೋಟೋ ತೆಗೆದರು. ಕಪ್ಪು ಮಚ್ಚೆಗಳೆಲ್ಲ ಬೆರಳ ತುದಿಯಷ್ಟೇ ಅಗಲ. ದೇವರ ಜಗುಲಿಯ ನಾಣ್ಯ, ದಿನಾ ಅರಿಷಿಣ ಕುಂಕುಮ ಏರಿಸಿಕೊಂಡ ನಾಣ್ಯ! ಆ ಕಾಲದ ಕಪ್ಪು-ಬಿಳುಪು ಫೋಟೋದಲ್ಲಿ ಕೆಂಪೂ ಹಳದಿಯೂ ಕಪ್ಪಾಗಿ ಬಿದ್ದಿದ್ದವು, ಅಷ್ಟೆ. ಮಚ್ಚೆಗಳ ಅಡಿಯಿಂದ ಅಂಚಿನ ಅಕ್ಷರಗಳು ಚೂಪಾಗಿ ಎದ್ದು ನಿಂತಿದ್ದವು. ಅಹಸನಾಬಾದ್. ಒಂದಕ್ಷರವೂ ಸವೆದಿರಲಿಲ್ಲ. ಆಗ ತಾವು ಆಡಿದ ಮಾತು ರಾಯರಿಗೆ ನೆನಪಾಯಿತು: ಕಪ್ಪು ಹೋಗೂ ಮಟ ತಿಕ್ಕ್ರಿ!

ಸೊಂಟದ ಯೋಚನೆ ಬಿಟ್ಟು ಎತ್ತಿನ ಬಂಡಿ ಹತ್ತಿದರು. ಕಮಲಾಪುರ ಮುಟ್ಟುವವರೆಗೂ ಬಂಡಿಯವನಿಗೂ ಎತ್ತುಗಳಿಗೂ ಬೈಗುಳ ತಪ್ಪಲಿಲ್ಲ.

ವಕೀಲರೇ ಮನೆಗೆ ಬಂದರೆಂದು ಮಾಪಣ್ಣನ ತಾಯಿ ಶಿವಕಾಂತಮ್ಮ ಕಂಬಳಿ ಹಾಸಿದರು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದರು. "ಟಂಕ ಎಲ್ಲದ?" ಎಂದರು ರಾಯರು, ನೀರನ್ನೂ ಮುಟ್ಟದೆ. ಶಿವಕಾಂತಮ್ಮ ತಾಟಿನಲ್ಲಿಟ್ಟು ತಂದರು. ಟಂಕ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಭೂತಗನ್ನಡಿ ತೆಗೆಯುವ ಕೆಲಸವೇ ಬೀಳಲಿಲ್ಲ. ಎರಡೂ ಕಡೆ ನುಣ್ಣಗೆ, ಹಪ್ಪಳದ ಹಾಗಿತ್ತು.

"ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ದಿನಾ ತಿಕ್ಕೀನ್ರಿ," ಎಂದರು ಶಿವಕಾಂತಮ್ಮ. "ಆದ್ರ ಅಕ್ಷರದ ಸಂದ್ಯಾಗ ಕಪ್ಪು ಕುಂತುಬಿಟ್ಟಿತ್ರಿ, ಏನು ಮಾಡಿದ್ರೂ ಹೋಗವಲ್ದು. ಕಪ್ಪು ಹೋಗೂ ಮಟ ಅಂತ ನೀವು ಹೇಳಿದ್ರಲ್ರಿ. ಕಡೀಕ ಬೆಳ್ಳಿ ಬಂಗಾರದ ಕೆಲಸದ ಪತ್ತಾರನ ಕಡೆ ಒಯ್ದು, ಅರ ಹಾಕಿ ತಿಕ್ಕಿಸಿ ಆ ಅಕ್ಷರಾನೇ ತಗಸೀನಿ."

ರಾಯರು ಟಂಕವನ್ನು ಮಗುಚಿ ಮಗುಚಿ ನೋಡಿದರು.

"ನಮ್ಮ ಅತ್ತಿಯೋರು ಕೊಟ್ಟಿದ್ರಿ ಅದು. ಕರೇ ಮಾರಿ ಅಂದ್ರಂತ ಕೇಳಿ ಭಾಳ ಸಂಕಟ ಆಗಿತ್ತು. ಈಗ ನಿಮ್ಮ ಮನ್ಯಾಗ ಇಡಬಹುದಲ್ರಿ? ಹೆಂಗ ಅದ ಹೇಳ್ರಿ."

ಬೈಗುಳ ಗಂಟಲವರೆಗೂ ಬಂತು. ಯಾರನ್ನು ಬೈಯುವುದು? ಮುದುಕಿ ಒಪ್ಪಿಸಿದ್ದೆಲ್ಲ ಅವರದೇ ಮಾತು. ಓಣಿಗೆ ಓಣಿಯೇ ವಕೀಲರ ಬಾಯಿ ನೋಡುತ್ತಿತ್ತು.

"ಛಲೋ ಅದ," ಎಂದರು ರಾಯರು.

ಶಿವಕಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮಗನತ್ತ ತಿರುಗಿದರು. "ಮಾಪಣ್ಣಾ, ಆ ಹುಸೇನಗ ಹೇಳಿ ಕಳಸೋ. ಈಗ ಇನ್ನೊಂದು ಫೋಟೋ ತಗೀಲಿ."